ವಾಯ್ಸ್ ಮೆಸೇಜಿನಲ್ಲಿ ಬಂದ ಹಪ್ಪಳದ ಆರ್ಡರ್ ಕಳೆದುಹೋಗದ ಹಾಗೆ ಇಡೋದು ಹೇಗೆ?

ಹಪ್ಪಳದ ಅಂಗಳ, ಶಿರಸಿ

ಎಲ್ಲರಿಗೂ ನಮಸ್ಕಾರ. ಫೋನಿನ ವಿಷಯ ತಿಳಿದವರು ಇಲ್ಲಿ ಬಹಳ ಜನ ಇದ್ದೀರಿ ಅಂತ ಮಗಳು ಹೇಳಿದಳು, ಅದಕ್ಕೆ ಬರೀತಾ ಇದ್ದೇನೆ. ಸ್ವಲ್ಪ ಉದ್ದ ಆಗ್ತದೆ, ಬೇಜಾರು ಮಾಡ್ಕೋಬೇಡಿ.

ನಮ್ಮೂರು ಶಿರಸಿಯಿಂದ ಹುಲೇಕಲ್‌ಗೆ ಹೋಗುವ ದಾರಿಯಲ್ಲಿ, ಒಳಗಡೆ. ಒಂಬತ್ತು ಜನ ಹೆಂಗಸರು ಸೇರಿ ಹಲಸಿನಕಾಯಿ ಹಪ್ಪಳ ಮಾಡ್ತೇವೆ. ಬಲಿತ ಕಾಯಿ ಸಿಗೋಕೆ ಶುರುವಾದಾಗಿಂದ ಮಳೆ ಹಿಡಿಯೋವರೆಗೆ ಎರಡು, ಎರಡೂವರೆ ತಿಂಗಳು. ಅಷ್ಟೇ ಬಿಸಿಲು ನಮ್ಮ ಪಾಲಿಗೆ. ಅಷ್ಟರಲ್ಲಿ ಸೊಳೆ ಬಿಡಿಸಿ, ಬೇಯಿಸಿ, ರುಬ್ಬಿ, ಉಂಡೆ ಮಾಡಿ, ಒತ್ತಿ, ಚಾಪೆಗೆ ಹಾಕಿ ಒಣಗಿಸಿ ಡಬ್ಬಿ ತುಂಬಿಸಿಟ್ಟರೆ ವರ್ಷವಿಡೀ ಮಾರಬಹುದು. ಇಪ್ಪತ್ತೈದು ಹಪ್ಪಳಕ್ಕೆ ಒಂದು ಕಟ್ಟು. ಅಂಗಡಿಗೆ ಕೊಡೋದು ಕಡಿಮೆ. ಹೆಚ್ಚಿನದು ಗುರುತಿನವರಿಗೆ, ಅವರು ಹೇಳಿದವರಿಗೆ, ವಾಟ್ಸಾಪಿನಲ್ಲೇ. ಆರ್ಡರ್ ನೋಡಿಕೊಳ್ಳೋದು ನನ್ನ ಕೆಲಸ.

ನಮ್ಮ ಗಿರಾಕಿಗಳಲ್ಲಿ ಮುಕ್ಕಾಲು ಪಾಲು ಜನ ಟೈಪ್ ಮಾಡೋದಿಲ್ಲ, ಮಾತಾಡಿ ಕಳಿಸ್ತಾರೆ. ಯಲ್ಲಾಪುರ ಕಡೆಯ ಒಬ್ಬರು ಅಜ್ಜಿ ಇದ್ದಾರೆ. ಅವರ ಮೆಸೇಜು ಎರಡು ನಿಮಿಷಕ್ಕೆ ಕಡಿಮೆ ಇರೋದಿಲ್ಲ. ಮೊದಲು ನನ್ನ ಸೊಂಟನೋವು ವಿಚಾರಿಸ್ತಾರೆ. ಆಮೇಲೆ ಅವರ ಅಡಿಕೆ ತೋಟದಲ್ಲಿ ಈ ಸಲ ಕೊಳೆ ರೋಗ ಬಂದದ್ದು, ಮರ ಹತ್ತುವ ಕೊನೆಗೌಡ ಸಿಗದೆ ಎರಡನೇ ಸಲದ ಮದ್ದು ಹೊಡೆಯೋದು ತಡವಾದದ್ದು, ಮೊಮ್ಮಗ ಬೆಂಗಳೂರಿಗೆ ಹೋದದ್ದು. ಇದರ ನಡುವೆ ಎಲ್ಲೋ ಒಂದು ಕಡೆ "ಹತ್ತು ಕಟ್ಟು ಕಳಿಸು, ಖಾರ ಕಡಿಮೆ ಇರಲಿ" ಅನ್ನೋದು. ಒಮ್ಮೆ ಕೇಳಿ ಬಿಟ್ಟರೆ ಮರುದಿನ ಆ ಮಾತು ಎಲ್ಲಿ ಬಂತು ಅಂತ ಹುಡುಕೋಕೆ ಇಡೀ ಮೆಸೇಜು ಮತ್ತೆ ಕೇಳಬೇಕು. ಅಂಥ ಮೆಸೇಜು ದಿನಕ್ಕೆ ಹತ್ತು, ಹದಿನೈದು.

ಕಳೆದ ಏಪ್ರಿಲ್‌ನಲ್ಲಿ ದೊಡ್ಡ ತಪ್ಪಾಯ್ತು. ಒಬ್ಬರು ಮನೆಯಲ್ಲಿ ಉಪನಯನಕ್ಕೆ ಅಂತ ಹದಿನೈದು ಕಟ್ಟು ಹೇಳಿದ್ದರು. ನಾನು ಆ ಮೆಸೇಜು ಕೇಳಿದ್ದು ಗ್ರೈಂಡರ್ ಪಕ್ಕದಲ್ಲಿ ನಿಂತು. ಗೋಡೆ ಮೇಲಿನ ಕ್ಯಾಲೆಂಡರಿನಲ್ಲಿ 5 ಅಂತ ಪೆನ್ಸಿಲಿನಲ್ಲಿ ಬರೆದೆ. ಐದು ಕಟ್ಟು ಬಸ್ಸಿಗೆ ಹಾಕಿಸಿದೆ. ಉಪನಯನದ ಹಿಂದಿನ ದಿನ ಸಂಜೆ ಅವರ ಫೋನು ಬಂತು. ಇಲ್ಲಿಂದ ಆ ಹೊತ್ತಿಗೆ ಕಳಿಸೋಕೆ ಬಸ್ಸಿರಲಿಲ್ಲ. ಅವರು ಒಂದು ಮಾತೂ ಬಯ್ಯಲಿಲ್ಲ. "ಪಂಕ್ತಿಗೆ ಅರ್ಧರ್ಧ ಮಾಡಿ ಬಡಿಸ್ತೇವೆ ಬಿಡು ತಂಗಿ" ಅಂದರು. ಆ ಮಾತು ಇವತ್ತಿಗೂ ಮನಸ್ಸಿನಿಂದ ಹೋಗಿಲ್ಲ.

ಮಗಳು ಗೂಗಲ್ ಫಾರ್ಮ್ ಮಾಡಿಕೊಟ್ಟಳು. ಹೆಸರು, ಊರು, ಎಷ್ಟು ಕಟ್ಟು ಅಂತ ತುಂಬಿಸೋದು. ಬಹಳ ಚೆಂದ ಮಾಡಿದ್ದಳು, ಕನ್ನಡದಲ್ಲೇ. ಒಂದು ತಿಂಗಳಲ್ಲಿ ತುಂಬಿಸಿದವರು ನಾಲ್ಕು ಜನ, ನಾಲ್ವರೂ ಬೆಂಗಳೂರಿನವರು. ಉಳಿದವರು "ಅದೆಂತದೋ ಒತ್ತಿದರೆ ಎಂತದೋ ಬರ್ತದೆ, ನಿಂಗೇ ಹೇಳ್ತೆ ತಗ" ಅಂತ ಮತ್ತೆ ಮಾತಾಡಿಯೇ ಕಳಿಸಿದರು. ಅವರು ಮಾತಾಡೋದು ನನಗೂ ಬೇಕು. ಅಜ್ಜಿ ಹಪ್ಪಳ ತಗೊಳ್ಳೋದು ನಮ್ಮ ಹಪ್ಪಳ ಭಾರೀ ರುಚಿ ಅಂತ ಒಂದೇ ಕಾರಣಕ್ಕಲ್ಲ, ಅವರ ಕೈಯಲ್ಲಿ ಒರಳು ತಿರುಗಿಸೋಕೆ ಆಗದ ಮೇಲೆ ಹಪ್ಪಳದ ಮಾತಾಡೋಕೆ ಒಬ್ಬರು ಬೇಕು. ಅವರಿಗೆ ಫಾರ್ಮ್ ತುಂಬು ಅನ್ನೋಕೆ ನನಗೆ ಮನಸ್ಸಿಲ್ಲ.

ಹಾಗಾಗಿ ಕೇಳೋದು ಇಷ್ಟು. ಅವರು ಮಾತಾಡಿಯೇ ಕಳಿಸಲಿ, ಆದರೆ ಲೆಕ್ಕ ನನಗೆ ತಪ್ಪಬಾರದು. ಏನು ಮಾಡಬಹುದು? ವಾಯ್ಸ್ ಮೆಸೇಜನ್ನು ಅಕ್ಷರ ಮಾಡಿಕೊಡುವ ವ್ಯವಸ್ಥೆ ವಾಟ್ಸಾಪಿನಲ್ಲೇ ಬಂದಿದೆ ಅಂತ ಕೇಳಿ ಹುಡುಕಿದೆ. ನನ್ನ ಫೋನಿನಲ್ಲಿ ತೋರಿಸಿದ ಭಾಷೆಗಳಲ್ಲಿ ಕನ್ನಡ ಕಾಣಲಿಲ್ಲ.

ಇನ್ನೊಂದು. "ಹೊಸ ಹಪ್ಪಳ ತಯಾರಿದೆ" ಅಂತ ಬ್ರಾಡ್‌ಕಾಸ್ಟ್ ಪಟ್ಟಿಗೆ ಹಾಕಿದರೆ ಅರ್ಧ ಜನಕ್ಕೆ ಹೋಗೋದೇ ಇಲ್ಲ. ಒಂದೇ ಟಿಕ್ ಇರ್ತದೆ ಅಥವಾ ಅವರು "ಬಂದೇ ಇಲ್ಲ" ಅಂತಾರೆ. ನಮ್ಮಲ್ಲಿ ಕರೆಂಟು ಹೋಗಿ ಸ್ವಲ್ಪ ಹೊತ್ತಿಗೆ ಟವರೂ ಸುಮ್ಮನಾಗ್ತದೆ, ಅದರಿಂದಲೋ ಏನೋ ಗೊತ್ತಾಗ್ತಿಲ್ಲ.

---

ಸಿದ್ದಾಪುರದ ಹುಡುಗ

ಅಕ್ಕಾ, ನಮಸ್ಕಾರ. ಬ್ರಾಡ್‌ಕಾಸ್ಟ್ ವಿಷಯ ಮೊದಲು ಹೇಳ್ತೆ, ಅದು ಸುಲಭ. ಟವರಿನ ತಪ್ಪಲ್ಲ. ಬ್ರಾಡ್‌ಕಾಸ್ಟ್ ಮೆಸೇಜು ಮುಟ್ಟೋದು ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡವರಿಗೆ ಮಾತ್ರ. ನೀವು ಅವರ ನಂಬರ್ ಇಟ್ಕೊಂಡಿದ್ದರೆ ಸಾಲದು, ಅವರೂ ನಿಮ್ಮದು ಇಟ್ಕೊಂಡಿರಬೇಕು. ಬೇಡದ ಜಾಹೀರಾತು ಎಲ್ಲರ ತಲೆ ತಿನ್ನಬಾರದು ಅಂತ ಹಾಗೆ ಮಾಡಿದ್ದಾರೆ. ಕಟ್ಟಿನ ಮೇಲೆ ಅಂಟಿಸುವ ಚೀಟಿಯಲ್ಲಿ "ಈ ನಂಬರ್ ಸೇವ್ ಮಾಡಿಕೊಳ್ಳಿ" ಅಂತ ಒಂದು ಸಾಲು ಹಾಕಿ. ಒಂದು ಪಟ್ಟಿಗೆ 256 ಜನ ಹಿಡಿಸ್ತಾರೆ, ಹೆಚ್ಚಾದರೆ ಇನ್ನೊಂದು ಪಟ್ಟಿ ಮಾಡಿ.

ಎರಡನೇದು, ವಾಟ್ಸಾಪ್ ಬಿಸಿನೆಸ್ ಹಾಕ್ಕೊಳ್ಳಿ. 2018ರಿಂದ ಇದೆ, ದುಡ್ಡು ಕೊಡಬೇಕಾಗಿಲ್ಲ. ಈಗಿನ ನಂಬರನ್ನೇ ಅದಕ್ಕೆ ದಾಟಿಸಬಹುದು, ಹಳೇ ಮಾತುಕತೆಯೂ ಬರ್ತದೆ. ಆದರೆ ಮೊದಲು ಬ್ಯಾಕಪ್ ತಗೊಂಡೇ ಮುಂದೆ ಹೋಗಿ. ಅದರಲ್ಲಿ ಲೇಬಲ್ ಅಂತ ಇದೆ. ಹೊಸ ಆರ್ಡರ್, ಹಣ ಬಾಕಿ, ಹಣ ಬಂತು, ಆರ್ಡರ್ ಮುಗಿದಿದೆ, ಹೀಗೆ ಬಣ್ಣದ ಗುರುತು ಹಚ್ಚೋದು. ಬೆಳಿಗ್ಗೆ "ಹೊಸ ಆರ್ಡರ್" ಒತ್ತಿದರೆ ಅವಷ್ಟೇ ಕಾಣ್ತವೆ.

ಮತ್ತೆ ನಾನಾಗಿದ್ದರೆ ಎಲ್ಲರನ್ನೂ ಟೆಲಿಗ್ರಾಮಿಗೆ ಕರ್ಕೊಂಡು ಹೋಗ್ತಿದ್ದೆ. ಫೋನು ಹಾಳಾದರೂ ಎಲ್ಲ ಅವರ ಸರ್ವರಿನಲ್ಲೇ ಇರ್ತದೆ, ಹುಡುಕಾಟವೂ ಚೆನ್ನಾಗಿದೆ.

---

ಹಪ್ಪಳದ ಅಂಗಳ, ಶಿರಸಿ

ತಮ್ಮಾ, ಬ್ರಾಡ್‌ಕಾಸ್ಟ್ ಗುಟ್ಟು ಹೇಳಿ ದೊಡ್ಡ ಉಪಕಾರ ಮಾಡಿದೆ. ಮೂರು ವರ್ಷದಿಂದ ಟವರಿಗೆ ಬಯ್ತಾ ಇದ್ದೆ. ಇವತ್ತೇ ಇಪ್ಪತ್ತು ಜನಕ್ಕೆ ಫೋನು ಮಾಡಿ ಸೇವ್ ಮಾಡಿಸ್ತೇನೆ.

ಟೆಲಿಗ್ರಾಮ್ ಮಾತ್ರ ಆಗೋದಿಲ್ಲ. ಅದು ಒಳ್ಳೇದೇ ಇರಬಹುದು. ಆದರೆ ಅಜ್ಜಿಯ ಫೋನಿನಲ್ಲಿ ಹಸಿರು ಗುರುತಿನದು ಎಲ್ಲಿದೆ ಅಂತ ಮೊಮ್ಮಗ ತೋರಿಸಿಕೊಟ್ಟು ಹೋಗಿದ್ದಾನೆ, ಅದೊಂದೇ ಅವರಿಗೆ ಗೊತ್ತು. ಅದರ ಪಕ್ಕದಲ್ಲಿ ನೀಲಿದು ಒಂದು ಬಂದರೆ ಎರಡೂ ಮುಟ್ಟೋದಿಲ್ಲ ಅವರು. ನಾನು ಹೊಸದಕ್ಕೆ ಹೋದರೆ ನನಗೆ ಅನುಕೂಲ, ಅವರು ಅಲ್ಲೇ ಉಳೀತಾರೆ.

---

ಮಾಸ್ತರು, ಕುಮಟಾ

ಅಕ್ಕಾವ್ರೇ, ನಿಮ್ಮ ಕಷ್ಟಕ್ಕೆ ಹೊಸ ಆ್ಯಪ್ ಬೇಡ. ಮೂವತ್ತನಾಲ್ಕು ವರ್ಷ ಶಾಲೆಯಲ್ಲಿ ಮಕ್ಕಳಿಗೆ ಉಕ್ತಲೇಖನ ಕೊಟ್ಟವನು ನಾನು. ಕೇಳಿದ್ದನ್ನು ಆಗಲೇ ಬರೆದು, ಬರೆದದ್ದನ್ನು ಹೇಳಿದವರಿಗೇ ತೋರಿಸಬೇಕು. ಅಷ್ಟು ಮಾಡಿದರೆ ಹದಿನೈದು ಐದಾಗೋದಿಲ್ಲ.

ಮಾಡೋದು ಹೀಗೆ. ಅಜ್ಜಿಯ ವಾಯ್ಸ್ ಮೆಸೇಜು ಕೇಳಿ ಮುಗಿಸಿದ ಕೂಡಲೇ ಅದೇ ಮೆಸೇಜಿನ ಮೇಲೆ ಬೆರಳಿಟ್ಟು ಬಲಕ್ಕೆ ಎಳೀರಿ. ಕೆಳಗೆ ಉತ್ತರ ಬರೆಯುವ ಜಾಗ ತೆರೆದುಕೊಳ್ತದೆ, ಮೇಲೆ ಆ ಮೆಸೇಜಿನ ಗುರುತು ಅಂಟಿಕೊಂಡಿರ್ತದೆ. ಅಲ್ಲಿ ಬರೀರಿ: "ಆರ್ಡರ್: 10 ಕಟ್ಟು, ಖಾರ ಕಡಿಮೆ, ಯಲ್ಲಾಪುರ ಬಸ್ಸು." ಕಳಿಸಿ. ಈಗ ಎರಡು ಕೆಲಸ ಒಟ್ಟಿಗೆ ಆಯ್ತು. ನೀವು ಕೇಳಿಸಿಕೊಂಡದ್ದು ಸರಿಯೋ ತಪ್ಪೋ ಅಂತ ಅವರ ಕಡೆಯವರು ನೋಡಿ ಹೇಳಬಹುದು. ನಾಳೆ ವಾಟ್ಸಾಪಿನ ಹುಡುಕುವ ಜಾಗದಲ್ಲಿ "ಆರ್ಡರ್:" ಅಂತ ಹೊಡೆದರೆ ಎಲ್ಲ ಗಿರಾಕಿಗಳ ಆರ್ಡರೂ ಸಾಲಾಗಿ ಬರ್ತವೆ. ಅದರ ಮೇಲೆ ಒತ್ತಿದರೆ ಆ ವಾಯ್ಸ್ ಮೆಸೇಜಿನ ಬುಡಕ್ಕೇ ಹೋಗ್ತೀರಿ. ಮಾತು ಹುಡುಕೋಕೆ ಬರೋದಿಲ್ಲ, ಅಕ್ಷರ ಹುಡುಕೋಕೆ ಬರ್ತದೆ. ಹಾಗಾಗಿ ಪ್ರತಿ ಮಾತಿಗೂ ಒಂದು ಅಕ್ಷರದ ಗೂಟ ಹೊಡೆದು ಕಟ್ಟಿಡಿ.

ಒಂದು ಎಚ್ಚರ. ಒಮ್ಮೆ "ಆರ್ಡರ್", ಒಮ್ಮೆ "ಆರ್ಡರು", ಒಮ್ಮೆ ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಹುಡುಕಾಟದಲ್ಲಿ ಕೆಲವು ತಪ್ಪಿಹೋಗ್ತವೆ. ಯಾವುದಾದರೂ ಒಂದೇ ರೂಪ ಹಿಡ್ಕೊಳ್ಳಿ. ಅಂಕಿಯೂ ಹಾಗೇ, 10 ಅಂದರೆ ಯಾವಾಗಲೂ 10. ೧೦ ಅಂತ ಬೇಡ, ಹತ್ತು ಅಂತಲೂ ಬೇಡ.

ಟೈಪ್ ಮಾಡೋಕೆ ಕೈ ಹಿಟ್ಟಾಗಿದೆ ಅಂದರೆ ಜಿಬೋರ್ಡ್ ಕೀಲಿಮಣೆಯಲ್ಲಿ ಕನ್ನಡ ಸೇರಿಸಿ, ಅದರ ಮೇಲಿರುವ ಮೈಕ್ ಒತ್ತಿ ಹೇಳಿ. ಗೂಗಲ್‌ನವರು 2017ರಲ್ಲೇ ಕನ್ನಡಕ್ಕೆ ಅದನ್ನು ತಂದರು. ನಮ್ಮ ಕಡೆಯ ಮಾತು ಅದಕ್ಕೆ ಪೂರ್ತಿ ಹಿಡಿಸೋದಿಲ್ಲ, ಪುಸ್ತಕದ ಕನ್ನಡದಲ್ಲಿ ನಿಧಾನ ಹೇಳಿದರೆ ಸರಿ ಬರೀತದೆ. ಕಳಿಸುವ ಮೊದಲು ಅಂಕಿ ಒಮ್ಮೆ ನೋಡಿ. ತಪ್ಪು ಹೋದರೆ ಹದಿನೈದು ನಿಮಿಷದ ಒಳಗೆ ತಿದ್ದಬಹುದು.

ವಾಟ್ಸಾಪ್ ಬಿಸಿನೆಸ್ ಬಗ್ಗೆ ಸಿದ್ದಾಪುರದವರು ಹೇಳಿದ್ದು ಸರಿ. ಟೆಲಿಗ್ರಾಮ್ ಬಗ್ಗೆ ಒಂದು ಸೇರಿಸ್ತೇನೆ. ಅಲ್ಲಿ ಸಾಮಾನ್ಯ ಮಾತುಕತೆಗೆ, ಕಳಿಸಿದವರು ಪಡೆದವರು ಬಿಟ್ಟು ಬೇರೆ ಯಾರೂ ಓದದ ಹಾಗೆ ಈ ತುದಿಯಿಂದ ಆ ತುದಿಯವರೆಗಿನ ಬೀಗ ಇರೋದಿಲ್ಲ, ರಹಸ್ಯ ಚಾಟ್ ಅಂತ ಬೇರೆ ತೆರೆದರೆ ಮಾತ್ರ. ವಾಟ್ಸಾಪಿನಲ್ಲಿ 2016ರಿಂದ ಎಲ್ಲ ಮಾತಿಗೂ ಅದು ಇದೆ. ಗಿರಾಕಿಗಳ ಮನೆ ವಿಳಾಸ ನಿಮ್ಮ ಹತ್ತಿರ ಇರ್ತದಲ್ಲ, ಅದಕ್ಕೆ ಹೇಳಿದೆ.

---

ಕಡಲ ತಡಿ, ಕಾರವಾರ

ಅಕ್ಕಾ, ನಿಮ್ಮದು ಓದಿ ನಂದೇ ಕಥೆ ಅನ್ನಿಸ್ತು. ನಾವು ಒಣಮೀನು ಮಾರೋರು. ಬೈತಖೋಲ ಬಂದರಿನಿಂದ ತಂದು ಉಪ್ಪು ಹಾಕಿ ಒಣಗಿಸ್ತೇವೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿ ಕಡಲಿಗೆ ಇಳಿಯೋದಿಲ್ಲವಲ್ಲ, ಆ ಎರಡು ತಿಂಗಳು ನಮಗೆ ಫೋನು ಕೆಳಗಿಡೋಕೆ ಪುರುಸೊತ್ತಿಲ್ಲ. ಒಣ ಬಂಗಡೆ, ಒಣ ಶೆಟ್ಲಿ (ಸೀಗಡಿ) ಎಷ್ಟಿದ್ದರೂ ಸಾಲೋದಿಲ್ಲ.

ಮಾಸ್ತರ್ರು ಹೇಳಿದ್ದು ಒಳ್ಳೇದು. ಆದರೆ ಓದೋಕೆ ಬಾರದವರಿಗೆ ನೀವು ಬರೆದು ಕಳಿಸಿದರೆ ಅವರಿಗೆ ಅದು ಕಾಗದದ ಮೇಲಿನ ಗೆರೆ ಅಷ್ಟೇ. ನನ್ನ ಅತ್ತೆ ಹಾಗೆ. ಅವರಿಗೆ ಯಾರಾದರೂ ಬರೆದು ಕಳಿಸಿದರೆ ಸಂಜೆ ನಾನು ಬರೋವರೆಗೆ ಫೋನು ಹಿಡ್ಕೊಂಡು ಕೂತಿರ್ತಾರೆ. ಅದಕ್ಕೆ ನಾನು ಎರಡೂ ಮಾಡ್ತೇನೆ. ನನ್ನ ಲೆಕ್ಕಕ್ಕೆ ಬರೆದದ್ದು, ಅವರ ಕಿವಿಗೆ ಐದು ಸೆಕೆಂಡಿನ ವಾಯ್ಸ್: "ಎರಡು ಕಿಲೋ ಒಣ ಬಂಗಡೆ, ಶುಕ್ರವಾರ, ಹೌದಲ್ಲ?" ಅವರು "ಹೌದು" ಅಂತ ಮಾತಾಡಿ ಕಳಿಸಿದ ಮೇಲೇ ಕಟ್ಟೋದು.

ದುಡ್ಡಿನ ವಿಷಯದಲ್ಲೂ ಒಂದು ಹೇಳ್ಬೇಕು, ನಾನು ಪೆಟ್ಟು ತಿಂದವಳು. ಹೊಸ ಗಿರಾಕಿ ಒಬ್ಬ ಆರು ಕಿಲೋ ಹೇಳಿ, ದುಡ್ಡು ಹಾಕಿದ್ದೇನೆ ಅಂತ ಸ್ಕ್ರೀನ್‌ಶಾಟ್ ಕಳಿಸಿದ. ಹಸಿರು ಟಿಕ್, ಮೊತ್ತ, ತಾರೀಕು ಎಲ್ಲ ಇತ್ತು. ಮಾಲು ಬಸ್ಸು ಹತ್ತಿಸಿದೆ. ರಾತ್ರಿ ನೋಡಿದರೆ ಖಾತೆಗೆ ಒಂದು ಪೈಸೆ ಬಂದಿರಲಿಲ್ಲ. ಅವನ ಫೋನು ಬಂದ್. ಅವತ್ತಿಂದ ಸ್ಕ್ರೀನ್‌ಶಾಟ್ ನೋಡೋದೇ ಬಿಟ್ಟೆ. ನನ್ನ ಖಾತೆ ತೆಗೆದು, ಬಂದದ್ದು ಕಂಡ ಮೇಲೇ ಮಾಲು. ಇನ್ನೊಂದು, ದುಡ್ಡು ನಮಗೆ ಬರೋಕೆ ಯುಪಿಐ ಪಿನ್ ಯಾವತ್ತೂ ಹೊಡೀಬೇಕಾಗಿಲ್ಲ. "ದುಡ್ಡು ಕಳಿಸಿದ್ದೇನೆ, ಪಿನ್ ಹೊಡೀರಿ" ಅಂದರೆ ಅದು ನಮ್ಮ ಖಾತೆಯಿಂದ ಹೋಗೋಕೆ. ಹೀಗೆ ದುಡ್ಡು ಹೋದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನು ಮಾಡಿ. ನನಗೆ ಆಗ ಗೊತ್ತಿರಲಿಲ್ಲ, ನಾಲ್ಕು ದಿನ ಅತ್ತು ಕೂತೆ.

ವಾಟ್ಸಾಪಿಗೆ ಎರಡು ಹಂತದ ಪಿನ್ ಇಟ್ಟಿದ್ದೀರಾ? ಸೆಟ್ಟಿಂಗ್ಸಿನಲ್ಲಿ ಅಕೌಂಟ್ ಒಳಗೆ ಇದೆ, ಆರು ಅಂಕಿ. ನಿಮ್ಮ ಇಡೀ ವ್ಯಾಪಾರ ಆ ಒಂದು ನಂಬರಿನ ಮೇಲೆ ನಿಂತಿದೆ. ಮೆಸೇಜಿನಲ್ಲಿ ಬರುವ ಆರು ಅಂಕಿಯ ಕೋಡನ್ನು ಯಾರಾದರೂ ಕೇಳಿ ಇಸ್ಕೊಂಡರೆ ನಂಬರ್ ಅವರ ಕೈಗೆ ಹೋಗ್ತದೆ. ಗುರುತಿನವರ ನಂಬರಿನಿಂದಲೇ ಕೇಳಿದರೂ ಕೊಡಬೇಡಿ.

---

ಹಪ್ಪಳದ ಅಂಗಳ, ಶಿರಸಿ

ಹನ್ನೊಂದು ದಿನ ಆಯ್ತು, ಮಾಡಿ ನೋಡಿ ಬರೀಬೇಕು ಅಂತ ಕಾದೆ.

ಮಾಸ್ತರ್ರೇ, ಮೊದಲ ಎರಡು ದಿನ ಬಹಳ ಕಷ್ಟ ಆಯ್ತು. ಮೈಕ್ ಒತ್ತಿ "ಹತ್ತು ಕಟ್ಟು" ಅಂದರೆ ಒಂದು ಸಲ "ಹತ್ತಿ ಕಟ್ಟು" ಅಂತ ಬರೆಯಿತು, ಇನ್ನೊಂದು ಸಲ "ಹತ್ತು ಗಂಟು". ಕರೆಂಟು ಹೋದಾಗ ಮೈಕ್ ಕೆಲಸವನ್ನೇ ಮಾಡಲಿಲ್ಲ. ಆಮೇಲೆ ಬೆರಳಿನಲ್ಲೇ ಹೊಡೆಯೋಕೆ ಶುರು ಮಾಡಿದೆ. ಈಗ ನನ್ನ ಹೆಬ್ಬೆರಳಿಗೆ "ಆರ್ಡರ್:" ಅನ್ನೋದು ಬಾಯಿಪಾಠ. ಬಿಸಿನೆಸ್ ಆ್ಯಪಿನಲ್ಲಿ ಕ್ವಿಕ್ ರಿಪ್ಲೈ ಅಂತ ಇದೆಯಲ್ಲ, ಮಗಳು ಫೋನಿನಲ್ಲೇ ಹೇಳಿಕೊಟ್ಟು ಅದರಲ್ಲಿ "ಆರ್ಡರ್: ಕಟ್ಟು, ಖಾರ, ಬಸ್ಸು" ಅಂತ ಇಡಿಸಿದಳು. ಒಂದು ಓರೆ ಗೀಟು (/) ಒತ್ತಿದರೆ ಸಾಲು ತಾನೇ ಬರ್ತದೆ, ಅಂಕಿ ಮಾತ್ರ ತುಂಬಿಸೋದು.

ಇಷ್ಟರಲ್ಲೇ ಒಂದು ತಪ್ಪು ಸಿಕ್ಕಿತು. ಒಬ್ಬರು "ಎಂಟು" ಅಂದದ್ದು ನನಗೆ "ಒಂದೆರಡು" ಅಂತ ಕೇಳಿತ್ತು. ಬರೆದು ಕಳಿಸಿದೆ, ಅವರ ಸೊಸೆ ನೋಡಿ ಕೂಡಲೇ ತಿದ್ದಿದಳು. ನನಗೆ ಕೈಕಾಲೇ ಆಡಲಿಲ್ಲ. ಬರೆದು ಕಳಿಸದಿದ್ದರೆ ಮತ್ತೊಂದು ಉಪನಯನ ಆಗ್ತಿತ್ತು.

ಬ್ರಾಡ್‌ಕಾಸ್ಟ್ ಈಗ ಹೋಗ್ತಾ ಇದೆ. ಐವತ್ತೆರಡು ಜನ ನಂಬರ್ ಸೇವ್ ಮಾಡಿಕೊಂಡರು. ಚೀಟಿಯಲ್ಲಿ ಸಾಲು ಸೇರಿಸೋಕೆ ಹೋದರೆ ಇನ್ನೊಂದು ತೊಡಕು. ಹಳೇ ಚೀಟಿ ನಮ್ಮ ಯಜಮಾನರು ಕಂಪ್ಯೂಟರಿನಲ್ಲಿ ನುಡಿ ತಂತ್ರಾಂಶದಲ್ಲಿ ಬರೆದದ್ದು. ಫೋನಿನಲ್ಲಿ ತೆಗೆದರೆ ಬರೀ ಇಂಗ್ಲಿಷ್ ಅಕ್ಷರ, ಚುಕ್ಕಿ, ಗೆರೆ. ಫೈಲು ಹಾಳಾಗಿದೆ ಅಂತ ಅಳಿಸೋಕೆ ಹೊರಟಿದ್ದೆ. ಇದಕ್ಕೆ ಏನಾದರೂ ಇದೆಯಾ?

ಕಾರವಾರದ ಅಕ್ಕಾ, ನಿಮ್ಮ ಮಾತು ಓದಿದ ರಾತ್ರಿಯೇ ಪಿನ್ ಇಟ್ಟೆ. ನಿಮಗೆ ಆದದ್ದು ಓದಿ ಹೊಟ್ಟೆ ಉರೀತು. ಆರು ಕಿಲೋ ಒಣಮೀನಿನ ಹಿಂದೆ ಎಷ್ಟು ಬಿಸಿಲು ಕಾಯಬೇಕು ಅಂತ ನನಗೆ ಗೊತ್ತು.

---

ಮಾಸ್ತರು, ಕುಮಟಾ

ಅಳಿಸಬೇಡಿ, ಫೈಲು ಸರಿಯಾಗೇ ಇದೆ. ಹಳೇ ನುಡಿ, ಬರಹ ಅನ್ನೋ ತಂತ್ರಾಂಶಗಳ ಅಕ್ಷರಗಳು ಇಂಗ್ಲಿಷ್ ಅಕ್ಷರದ ಮನೆಯಲ್ಲಿ ಬಾಡಿಗೆಗೆ ಕೂತಿದ್ದವು. ಆ ಫಾಂಟ್ ಇರುವ ಕಂಪ್ಯೂಟರಿನಲ್ಲಿ ಕನ್ನಡವಾಗಿ ಕಾಣ್ತವೆ, ಇಲ್ಲದ ಫೋನಿನಲ್ಲಿ ಮನೆಯ ಮಾಲೀಕನ ಮುಖ ಕಾಣ್ತದೆ. ಯುನಿಕೋಡ್ ಅಂತ ಎಲ್ಲ ಕಡೆ ಒಂದೇ ಆಗಿರುವ ಅಕ್ಷರ ಪದ್ಧತಿಯಲ್ಲಿ ಕನ್ನಡಕ್ಕೆ ಸ್ವಂತ ಮನೆ ಇದೆ, ಹಾಗಾಗಿ ಎಲ್ಲಿ ತೆರೆದರೂ ಕನ್ನಡವೇ. ನುಡಿ ತಂತ್ರಾಂಶದಲ್ಲೇ ಯುನಿಕೋಡಿಗೆ ಬದಲಿಸುವ ಪರಿವರ್ತಕ ಇದೆ. ಯಜಮಾನರಿಗೆ ಹೇಳಿ, ಕಂಪ್ಯೂಟರಿನಲ್ಲೇ ಬದಲಿಸಿ ಆಮೇಲೆ ಫೋನಿಗೆ ಕಳಿಸಲಿ. ಶಾಲೆಯ ಹಳೇ ಹಾಜರಿ ಪಟ್ಟಿಗಳನ್ನೆಲ್ಲ ನಾನು ನಿವೃತ್ತಿಯ ಹಿಂದಿನ ಬೇಸಿಗೆಯಲ್ಲಿ ಕೂತು ಹೀಗೇ ಬದಲಿಸಿಟ್ಟೆ.

---

ಸಿದ್ದಾಪುರದ ಹುಡುಗ

ಅಕ್ಕಾ, ಇನ್ನೊಂದು. ಮಳೆಗಾಲ ಬರ್ತಾ ಇದೆ, ಫೋನಿಗೆ ನೀರು ಹೋದರೆ ಎಲ್ಲ ಹೋಗ್ತದೆ. ಬ್ಯಾಕಪ್ ದಿನಾ ಆಗುವ ಹಾಗೆ ಇಡಿ. ಈಗ ಅದು ನಿಮ್ಮ ಗೂಗಲ್ ಖಾತೆಯ 15 ಜಿಬಿ ಒಳಗೇ ಲೆಕ್ಕ ಆಗ್ತದೆ. ಹಾಗಾಗಿ ವಿಡಿಯೋ ಸೇರಿಸಬೇಡಿ, ಗುಡ್ ಮಾರ್ನಿಂಗ್ ಚಿತ್ರಗಳನ್ನು ಆಗಾಗ ತೆಗೆದುಹಾಕಿ. ಸ್ಟೋರೇಜ್ ಆ್ಯಂಡ್ ಡೇಟಾ ಒಳಗೆ ಮ್ಯಾನೇಜ್ ಸ್ಟೋರೇಜ್ ಅಂತ ಇದೆ, ಬಹಳ ಸಲ ಫಾರ್ವರ್ಡ್ ಆದವು ಬೇರೆಯಾಗೇ ಕಾಣ್ತವೆ.

ಮತ್ತೆ ಒಂಬತ್ತು ಜನ ಇದ್ದೀರಲ್ಲ, ಆರ್ಡರ್ ಕೇಳೋಕೆ ನೀವೊಬ್ಬರೇ ಯಾಕೆ? ಲಿಂಕ್ಡ್ ಡಿವೈಸಸ್‌ನಲ್ಲಿ ಇನ್ನೊಬ್ಬರ ಫೋನಿಗೂ ಅದೇ ನಂಬರ್ ಜೋಡಿಸಬಹುದು, ನಾಲ್ಕರವರೆಗೆ. ನಿಮ್ಮ ಫೋನು ಬಂದ್ ಇದ್ದರೂ ಅದರಲ್ಲಿ ನಡೀತದೆ. ಆದರೆ ಹದಿನಾಲ್ಕು ದಿನ ನಿಮ್ಮ ಫೋನಿನಲ್ಲಿ ವಾಟ್ಸಾಪ್ ತೆರೆಯದಿದ್ದರೆ ಉಳಿದವು ಕಳಚಿಕೊಳ್ತವೆ. ನಂಬಿಕೆ ಇರುವವರಿಗೆ ಮಾತ್ರ ಜೋಡಿಸಿ.

---

ಹಪ್ಪಳದ ಅಂಗಳ, ಶಿರಸಿ

ಜೋಡಿಸಿದೆ. ಪಕ್ಕದ ಮನೆಯ ಅತ್ತಿಗೆಯ ಫೋನಿಗೆ. ಅವರ ಮನೆ ಗುಡ್ಡದ ಮೇಲೆ, ಸಿಗ್ನಲ್ ನಮ್ಮಲ್ಲಿಗಿಂತ ಚೆನ್ನಾಗಿ ಸಿಗ್ತದೆ. ಈಗ ನಾನು ಹಪ್ಪಳ ಒತ್ತುವಾಗ ಅವರು ಕೇಳಿ ಬರೆದಿಡ್ತಾರೆ. ಚೀಟಿಯೂ ಫೋನಿನಲ್ಲಿ ಕನ್ನಡವಾಗಿ ಕಾಣ್ತಾ ಇದೆ, ಮಾಸ್ತರ್ರೇ.

ಇವತ್ತು ಬೆಳಿಗ್ಗೆ ಅಜ್ಜಿಯ ಮೆಸೇಜು ಬಂತು, ಎರಡು ನಿಮಿಷ ನಲವತ್ತು ಸೆಕೆಂಡು. ಗ್ರೈಂಡರ್ ಬಂದ್ ಮಾಡಿ, ಜಗಲಿಯಲ್ಲಿ ಕೂತು ಪೂರ್ತಿ ಕೇಳಿದೆ. ಕೊಳೆಗೆ ಈ ಸಲ ಮಳೆ ಹಿಡಿಯೋ ಮೊದಲೇ ಮದ್ದು ಹೊಡೆಸ್ತಾರಂತೆ, ಕೊನೆಗೌಡನಿಗೆ ಈಗಲೇ ಹೇಳಿಟ್ಟಿದ್ದಾರೆ. ಹಪ್ಪಳ ಹನ್ನೆರಡು ಕಟ್ಟು. "ಆರ್ಡರ್: 12 ಕಟ್ಟು, ಖಾರ ಕಡಿಮೆ, ಯಲ್ಲಾಪುರ ಬಸ್ಸು" ಅಂತ ಬರೆದೆ. ಕಾರವಾರದ ಅಕ್ಕ ಹೇಳಿದ ಹಾಗೆ ಬಾಯಲ್ಲೂ ಹೇಳಿ ಕಳಿಸಿದೆ. ಸ್ವಲ್ಪ ಹೊತ್ತಿಗೆ ಉತ್ತರ ಬಂತು: "ಹನ್ನೆರಡೇ ಸೈ. ನೀ ಮತ್ತೆ ಸೊಂಟಕ್ಕೆ ಎಣ್ಣೆ ಹಚ್ಚಿದ್ಯಾ ಇಲ್ಯಾ, ಅದು ಹೇಳ್ಲೇ ಇಲ್ಲೆ."